ಈ ಸಿಡಿಯಲ್ಲಿ ಡ್ರಮ್ಸ್ ನುಡಿಸಿದವರು ಯಾರು?

ಪ್ರಶ್ನೆ: ನಾನು ದಾವಣಗೆರೆಯವನು. ಕಾಲೇಜು ದಿನಗಳಿಂದ ಹೆವಿ ಮೆಟಲ್ ಕೇಳುತ್ತಿದ್ದೇನೆ. ಹೊಸದಾಗಿ ಬರುವ ಆಲ್ಬಮ್‌ಗಳ ಬಗ್ಗೆ, ಹಳೆಯ ಆಲ್ಬಮ್‌ಗಳ ಮರುಬಿಡುಗಡೆಗಳ ಬಗ್ಗೆ ಕನ್ನಡದಲ್ಲಿ ವಿಮರ್ಶೆ ಬರೆಯಬೇಕೆಂಬ ಆಸೆ ಇದೆ. ಇತ್ತೀಚೆಗೆ ಆಝಿ ಆಸ್ಬೋರ್ನ್ ಅವರ ‘ಬ್ಲಿಝರ್ಡ್ ಆಫ್ ಆಝ್’ ಸಿಡಿಯೊಂದನ್ನು ಹಳೆಯ ಪುಸ್ತಕದ ಅಂಗಡಿಯಲ್ಲಿ ಕೊಂಡೆ. ಹಿಂಬದಿಯಲ್ಲಿ 2002 ಎಂದು ಮುದ್ರಿಸಿದೆ. ಅಣ್ಣನ ಕ್ಯಾಸೆಟ್ಟಿನಲ್ಲಿ ಕೇಳಿದ್ದ ಹಾಡುಗಳೇ ಆದರೂ ಡ್ರಮ್ಸ್ ಬೇರೆ ಅನ್ನಿಸುತ್ತಿದೆ. ಇದು ನನ್ನ ಕಿವಿಯ ದೋಷವೇ? ಹೊಸ ಆಲ್ಬಮ್ಮನ್ನೂ ಮರುಬಿಡುಗಡೆಯನ್ನೂ ಒಂದೇ ಅಳತೆಯಲ್ಲಿ ತೂಗಬಹುದೇ? ನಕ್ಷತ್ರಗಳನ್ನು ಕೊಡಬೇಕೇ? ಗೆಳೆಯರ ಬ್ಯಾಂಡೊಂದು ಮೊದಲ ಆಲ್ಬಮ್ ತರುತ್ತಿದೆ. ಅದರ ಬಗ್ಗೆ ಬರೆಯಬಹುದೇ?

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಇದೆ. ನಿಮ್ಮ ಕೈಯಲ್ಲಿರುವ ಸಿಡಿಯಲ್ಲಿ ಡ್ರಮ್ಸ್ ನುಡಿಸಿರುವವರು ಬೇರೆ. ಬಾಸ್ ಗಿಟಾರ್ ನುಡಿಸಿರುವವರೂ ಬೇರೆ.

‘ಬ್ಲಿಝರ್ಡ್ ಆಫ್ ಆಝ್’ ಬಂದದ್ದು 1980ರಲ್ಲಿ. ಬ್ಲ್ಯಾಕ್ ಸಬ್ಬತ್‌ನಿಂದ ಹೊರಬಿದ್ದಿದ್ದ ಆಝಿ ಅವರ ಜೊತೆ ಅಂದು ಇದ್ದವರು ಗಿಟಾರ್ ವಾದಕ ರ‍್ಯಾಂಡಿ ರೋಡ್ಸ್, ಬಾಸ್ ವಾದಕ ಬಾಬ್ ಡೇಸ್ಲಿ, ಡ್ರಮ್ಸ್ ವಾದಕ ಲೀ ಕರ್ಸ್‌ಲೇಕ್. ಹಾಡುಗಳ ರಚನೆಯಲ್ಲೂ ಸಾಹಿತ್ಯದಲ್ಲೂ ಡೇಸ್ಲಿ ಅವರ ಪಾಲು ದೊಡ್ಡದು. ಮರುವರ್ಷ ಇದೇ ನಾಲ್ವರು ‘ಡೈರಿ ಆಫ್ ಎ ಮ್ಯಾಡ್‌ಮ್ಯಾನ್’ ಮುದ್ರಿಸಿದರು. ಆದರೆ ಆ ಆಲ್ಬಮ್ ಅಂಗಡಿಗೆ ಬರುವ ಹೊತ್ತಿಗೆ ಡೇಸ್ಲಿ ಮತ್ತು ಕರ್ಸ್‌ಲೇಕ್ ತಂಡದಲ್ಲಿ ಇರಲಿಲ್ಲ. ಹೊದಿಕೆಯ ಮೇಲೆ ಅವರ ಬದಲು, ಆಮೇಲೆ ಸೇರಿದ್ದ ರೂಡಿ ಸಾರ್ಝೊ ಮತ್ತು ಟಾಮಿ ಆಲ್ಡ್ರಿಜ್ ಅವರ ಹೆಸರುಗಳಿದ್ದವು. ಮುಂದೆ ಹಣ ಮತ್ತು ಹೆಸರಿನ ವಿಚಾರವಾಗಿ ವ್ಯಾಜ್ಯ ನ್ಯಾಯಾಲಯದವರೆಗೂ ಹೋಯಿತು. 2002ರಲ್ಲಿ ಎರಡೂ ಆಲ್ಬಮ್‌ಗಳು ಮರುಬಿಡುಗಡೆಯಾದಾಗ ಡೇಸ್ಲಿ ಮತ್ತು ಕರ್ಸ್‌ಲೇಕ್ ನುಡಿಸಿದ್ದನ್ನು ಪೂರ್ತಿ ತೆಗೆದುಹಾಕಿ, ಆಗ ಆಝಿ ಅವರ ತಂಡದಲ್ಲಿದ್ದ ರಾಬರ್ಟ್ ಟ್ರುಹಿಯೊ ಮತ್ತು ಮೈಕ್ ಬೋರ್ಡಿನ್ ಅವರಿಂದ ಹೊಸದಾಗಿ ನುಡಿಸಿ ಸೇರಿಸಿದ್ದರು. ಇಪ್ಪತ್ತು ವರ್ಷ ಒಂದು ಡ್ರಮ್ಸ್ ಪೆಟ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಕೇಳುಗರಿಗೆ ಅದರ ಜಾಗದಲ್ಲಿ ಬೇರೊಂದು ಪೆಟ್ಟು ಕೇಳಿಸಿತು.

ಟ್ರುಹಿಯೊ, ಬೋರ್ಡಿನ್ ಇಬ್ಬರೂ ಒಳ್ಳೆಯ ವಾದಕರು. ಟ್ರುಹಿಯೊ 2003ರಲ್ಲಿ ಮೆಟಾಲಿಕಾ ಸೇರಿದರು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ಬಾಸ್ ಹಿಡಿದಿದ್ದವರು ಅವರೇ. ಇಲ್ಲಿನ ತೊಂದರೆ ಅವರ ಕೌಶಲದ್ದಲ್ಲ. ರ‍್ಯಾಂಡಿ ರೋಡ್ಸ್ 1982ರ ಮಾರ್ಚ್ 19ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಝಿ ಜೊತೆ ಅವರು ಮುದ್ರಿಸಿದ್ದು ಈ ಎರಡು ಸ್ಟುಡಿಯೊ ಆಲ್ಬಮ್‌ಗಳನ್ನು ಮಾತ್ರ. ಅವುಗಳಲ್ಲಿ ಅವರ ಗಿಟಾರ್ ಕರ್ಸ್‌ಲೇಕ್ ಅವರ ಡ್ರಮ್ಸ್‌ಗೆ ಉತ್ತರ ಕೊಡುತ್ತಾ ಸಾಗುತ್ತದೆ. ಎಲ್ಲಿ ತುಸು ತಡೆದು ಬಾರಿಸಿದರೋ ಅಲ್ಲಿ ಗಿಟಾರ್ ಕೂಡ ತುಸು ತಡೆಯುತ್ತದೆ. ಡೇಸ್ಲಿ ಅವರ ಬಾಸ್ ಇಬ್ಬರ ನಡುವೆ ತನ್ನದೇ ರಾಗವೊಂದನ್ನು ಹೆಣೆಯುತ್ತದೆ. 2002ರ ರೂಪದಲ್ಲಿ ಗಿಟಾರ್ ಮಾತನಾಡುತ್ತಿರುವುದು ಅಲ್ಲಿಲ್ಲದ ಒಬ್ಬರೊಂದಿಗೆ. ನಿಮಗೆ ಕೇಳಿಸಿದ್ದು ಈ ಕೊರತೆ. ಅಭಿಮಾನಿಗಳ ಸಿಟ್ಟು ವರ್ಷಗಟ್ಟಲೆ ತಣಿಯಲಿಲ್ಲ. 2011ರ ಮರುಬಿಡುಗಡೆಯಲ್ಲಿ ಮೂಲ ಬಾಸ್ ಮತ್ತು ಡ್ರಮ್ಸ್ ಮರಳಿ ಬಂದವು. ಕರ್ಸ್‌ಲೇಕ್ 2020ರಲ್ಲಿ ತೀರಿಕೊಂಡರು, ಆಝಿ 2025ರ ಜುಲೈನಲ್ಲಿ. ಇವತ್ತು ಈ ಆಲ್ಬಮ್ಮನ್ನು ಮೊದಲ ಸಲ ಕೇಳಲು ಹೊರಟವರು ಕೈಗೆ ಸಿಕ್ಕ ಸಿಡಿಯನ್ನು ಕೊಂಡು, ಕರ್ಸ್‌ಲೇಕ್ ನುಡಿಸಿದ್ದು ಹೀಗೆ ಎಂದು ನಂಬಿಬಿಡುವ ಸಾಧ್ಯತೆ ಇದ್ದೇ ಇದೆ. ವಿಮರ್ಶಕರು ಹೇಳದಿದ್ದರೆ ಅವರಿಗೆ ಇನ್ನಾರು ಹೇಳಬೇಕು?

ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ನೇರ ಉತ್ತರ: ಒಂದೇ ಅಳತೆ ಸಾಲದು. ಹೊಸ ಆಲ್ಬಮ್ ಕೈಗೆ ಬಂದಾಗ ಸಂಗೀತ ಹೇಗಿದೆ ಎಂದು ಕೇಳಬೇಕು. ಮರುಬಿಡುಗಡೆ ಕೈಗೆ ಬಂದಾಗ ಸಂಗೀತದ ಬೆಲೆ ಬಹುಮಟ್ಟಿಗೆ ಗೊತ್ತಿರುತ್ತದೆ. ಬ್ಲ್ಯಾಕ್ ಸಬ್ಬತ್‌ನ ‘ಪ್ಯಾರನಾಯ್ಡ್’ ದೊಡ್ಡ ಆಲ್ಬಮ್ ಎಂದು ಇನ್ನೊಮ್ಮೆ ಬರೆಯುವುದರಿಂದ ಯಾರಿಗೂ ಉಪಯೋಗವಿಲ್ಲ. ಅಲ್ಲಿ ಕೇಳಬೇಕಾದದ್ದು, ಈ ಧ್ವನಿಮುದ್ರಿಕೆಯನ್ನು ಮುಟ್ಟಿದವರು ಯಾರು, ಏನು ಮಾಡಿದರು, ಮೊದಲು ನುಡಿಸಿದವರ ಕೆಲಸ ಉಳಿದಿದೆಯೇ ಎಂದು. ಮರುಬಿಡುಗಡೆಯ ವಿಮರ್ಶೆಯಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. ಬಹಳಷ್ಟು ವಿಮರ್ಶೆಗಳಲ್ಲಿ ಇದು ಇರುವುದಿಲ್ಲ; ಲೇಬಲ್, ಅಂದರೆ ಆಲ್ಬಮ್ ಹೊರತರುವ ಕಂಪನಿ, ಕಳಿಸಿದ ಪ್ರಕಟಣೆಯ ಸಾಲುಗಳೇ ಹಿಂದುಮುಂದಾಗಿ ಬಂದಿರುತ್ತವೆ.

ಇದಕ್ಕಾಗಿ ಎರಡು ಕೆಲಸಗಳ ವ್ಯತ್ಯಾಸ ಗೊತ್ತಿರಬೇಕು. ಮಿಕ್ಸಿಂಗ್ ಎಂದರೆ ಬೇರೆಬೇರೆಯಾಗಿ ಮುದ್ರಿಸಿದ ಗಿಟಾರ್, ಬಾಸ್, ಡ್ರಮ್ಸ್, ಗಾಯನಗಳನ್ನು ಯಾವುದು ಎಷ್ಟು ಮುಂದೆ, ಯಾವುದು ಎಷ್ಟು ಹಿಂದೆ ಎಂದು ಹೊಂದಿಸಿ ಎರಡು ಚಾನೆಲ್‌ಗಳಿಗೆ ಇಳಿಸುವುದು. ಮಾಸ್ಟರಿಂಗ್ ನಡೆಯುವುದು ಅದರ ನಂತರ: ಇಳಿಸಿ ಮುಗಿಸಿದ ಆ ಎರಡು ಚಾನೆಲ್‌ಗಳ ಸದ್ದಿನ ಮಟ್ಟ, ಮಂದ್ರ–ತಾರಗಳ ಪ್ರಮಾಣ, ಹಾಡು ಹಾಡಿನ ನಡುವಿನ ಬಿಡುವು ಇವನ್ನು ತಿದ್ದಿ ಸಿಡಿಗೋ ವಿನೈಲ್‌ಗೋ ಸಿದ್ಧಮಾಡುವುದು. ರೀಮಾಸ್ಟರ್ ಎಂದು ಬರೆದಿದ್ದರೆ ಎರಡನೆಯದನ್ನು ಮಾತ್ರ ಮತ್ತೆ ಮಾಡಿದ್ದಾರೆ. ರೀಮಿಕ್ಸ್ ಎಂದಿದ್ದರೆ ಮೊದಲನೆಯದಕ್ಕೇ ಕೈಹಾಕಿದ್ದಾರೆ.

ಮೆಟಾಲಿಕಾದ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ (1988) ಇದಕ್ಕೆ ಒಳ್ಳೆಯ ಪಾಠ. 1986ರ ಸೆಪ್ಟೆಂಬರಿನಲ್ಲಿ ಸ್ವೀಡನ್‌ನಲ್ಲಿ ಬಸ್ ಉರುಳಿ ಬಾಸ್ ವಾದಕ ಕ್ಲಿಫ್ ಬರ್ಟನ್ ತೀರಿಕೊಂಡ ಮೇಲೆ ಅವರ ಜಾಗಕ್ಕೆ ಬಂದವರು ಜೇಸನ್ ನ್ಯೂಸ್ಟೆಡ್. ಮೆಟಾಲಿಕಾ ಜೊತೆ ಅವರ ಮೊದಲ ಪೂರ್ಣ ಆಲ್ಬಮ್ ಇದು. ಮೊದಲ ಹಾಡು ‘ಬ್ಲ್ಯಾಕನ್ಡ್’ ರಚನೆಯಲ್ಲಿ ಅವರ ಹೆಸರೂ ಇದೆ. ಆದರೆ ಆಲ್ಬಮ್ ಹಾಕಿ ಕೇಳಿದರೆ ಬಾಸ್ ಹುಡುಕಿದರೂ ಸಿಗುವುದಿಲ್ಲ. ಮಿಕ್ಸಿಂಗ್‌ನಲ್ಲಿ ಅದನ್ನು ತಗ್ಗಿಸಿಬಿಟ್ಟಿದ್ದರು. 2018ರಲ್ಲಿ ರೀಮಾಸ್ಟರ್ ಬರುತ್ತದೆಂದಾಗ ಬಾಸ್ ಇನ್ನು ಕೇಳಿಸುತ್ತದೆ ಎಂದು ಅನೇಕರು ಆಸೆಯಿಂದ ಕಾದರು. ಕೇಳಿಸಲಿಲ್ಲ. ಮಿಕ್ಸ್ ಹಳೆಯದೇ ಆಗಿದ್ದರಿಂದ ಕೇಳಿಸುವಂತೆಯೂ ಇರಲಿಲ್ಲ. ಗಿಟಾರಿನ ಕೆಳಗೆ ಹೂತುಹೋದ ಬಾಸನ್ನು ಮಾಸ್ಟರಿಂಗ್‌ನಲ್ಲಿ ಬಿಡಿಸಿ ಮೇಲೆತ್ತಲು ಆಗುವುದಿಲ್ಲ. ಆ ಮರುಬಿಡುಗಡೆಯನ್ನು ಬಾಸ್ ಇಲ್ಲವೆಂದು ಬೈದ ವಿಮರ್ಶೆಗಳು ಏನನ್ನು ವಿಮರ್ಶಿಸುತ್ತಿದ್ದೇವೆ ಎಂಬುದನ್ನೇ ಮರೆತಿದ್ದವು. ನನ್ನ ಮಟ್ಟಿಗೆ ಮೆಟಾಲಿಕಾ ಅಲ್ಲಿ ಸರಿಯಾದದ್ದನ್ನೇ ಮಾಡಿತು. ನ್ಯೂಸ್ಟೆಡ್ ಅವರಿಗೆ 1988ರಲ್ಲಿ ಅನ್ಯಾಯವಾಯಿತು, ನಿಜ. ಆದರೆ ಆ ಒಣಗಿದ, ಮೂಳೆಯಂಥ ಸದ್ದಿನಲ್ಲೇ ‘ಒನ್’ ಹಾಡನ್ನು ಜಗತ್ತು ಎದೆಗೆ ಹಚ್ಚಿಕೊಂಡಿತು. ದೊಡ್ಡ ಪೆಟ್ಟಿಗೆಯ ಆವೃತ್ತಿಯಲ್ಲಿ ಡೆಮೊಗಳು, ಕಚ್ಚಾ ಮಿಕ್ಸ್‌ಗಳು ಧಾರಾಳವಾಗಿವೆ. ಹಾಡುಗಳು ಹೇಗೆ ಬೆಳೆದವೆಂದು ತಿಳಿಯಬೇಕಾದವರು ಅಲ್ಲಿ ನೋಡಬಹುದು.

ರೀಮಿಕ್ಸ್ ಎಂದಾಕ್ಷಣ ಮುನಿಯಬೇಕಾಗಿಯೂ ಇಲ್ಲ. ಫ್ಲಾರಿಡಾದ ಡೆತ್ ತಂಡದ ‘ಹ್ಯೂಮನ್’ (1991) ತಾಂತ್ರಿಕ ಡೆತ್ ಮೆಟಲ್‌ಗೆ ದಾರಿ ತೆರೆದ ಆಲ್ಬಮ್. ಚಕ್ ಶುಲ್ಡಿನರ್ ಜೊತೆಗೆ ಪಾಲ್ ಮಾಸ್ವಿಡಾಲ್, ಷಾನ್ ರೈನರ್ಟ್, ಸ್ಟೀವ್ ಡಿಜಾರ್ಜಿಯೊ ನುಡಿಸಿದ್ದಾರೆ. ಮೂಲ ಮಿಕ್ಸ್‌ನಲ್ಲಿ ಡಿಜಾರ್ಜಿಯೊ ಅವರ ಬಾಸ್ ಅಸ್ಪಷ್ಟ. 2011ರಲ್ಲಿ ರಿಲ್ಯಾಪ್ಸ್ ಲೇಬಲ್ ತಂದ ರೀಮಿಕ್ಸ್‌ನಲ್ಲಿ ಅದು ತೆರೆದುಕೊಂಡಿತು. ಇಪ್ಪತ್ತು ವರ್ಷ ಕಿವಿಗೆ ಬೀಳದಿದ್ದ ಎಷ್ಟೋ ಸ್ವರಗಳು ಹೊರಬಂದವು. ಇಲ್ಲಿ ಯಾರನ್ನೂ ಅಳಿಸಲಿಲ್ಲ, ಇದ್ದವರನ್ನೇ ಬೆಳಕಿಗೆ ತಂದರು. ಹಾಗೆಂದು ಹಳೆಯ ಮಿಕ್ಸ್ ಬೇಡವಾಗುವುದಿಲ್ಲ. ಮಂಜು ಕವಿದಂಥ ಅದರ ಸದ್ದಿಗೂ ಅದರದೇ ಭಯಾನಕತೆ ಇದೆ. ಎರಡನ್ನೂ ಕೇಳಿ, ಯಾರಿಗೆ ಯಾವುದು ಹಿಡಿಸೀತು ಎಂದು ಬರೆಯಿರಿ.

ನಡುವೆ ನಿಲ್ಲುವ ಪ್ರಸಂಗಗಳೂ ಇವೆ. ಮೆಗಾಡೆತ್‌ನ ‘ರಸ್ಟ್ ಇನ್ ಪೀಸ್’ (1990) ಥ್ರ್ಯಾಶ್ ಮೆಟಲ್‌ನ ಶಿಖರಗಳಲ್ಲಿ ಒಂದು. 2004ರಲ್ಲಿ ಡೇವ್ ಮಸ್ಟೇನ್ ತಮ್ಮ ಹಳೆಯ ಆಲ್ಬಮ್‌ಗಳನ್ನು ತಾವೇ ನಿಂತು ರೀಮಿಕ್ಸ್ ಮಾಡಿಸಿದರು. ಈ ಆಲ್ಬಮ್ಮಿನ ಮೂಲ ಟೇಪುಗಳಲ್ಲಿ ಕೆಲವು ಗಾಯನ ಭಾಗಗಳು ಕಾಣೆಯಾಗಿದ್ದವು. ಆ ಭಾಗಗಳನ್ನು ಅವರು ಹೊಸದಾಗಿ ಹಾಡಿ ಸೇರಿಸಿದರು. 1990ರ ಮಸ್ಟೇನ್ ಮತ್ತು 2004ರ ಮಸ್ಟೇನ್ ಒಂದೇ ಆಲ್ಬಮ್ಮಿನಲ್ಲಿ ಅಕ್ಕಪಕ್ಕ ಹಾಡುತ್ತಾರೆ. ಮೊದಲಿನ ಧ್ವನಿಯ ಉರಿ ಎರಡನೆಯದರಲ್ಲಿ ಇಲ್ಲ. ಡ್ರಮ್ಸ್ ಮಾತ್ರ ಹೊಸ ಮಿಕ್ಸ್‌ನಲ್ಲಿ ಎದೆಗೆ ಬಡಿಯುವಂತಿದೆ, ಅದನ್ನು ಒಪ್ಪಲೇಬೇಕು. ಆದರೂ ನನ್ನ ಆಯ್ಕೆ 1990ರದ್ದೇ. ಸ್ಟ್ರೀಮಿಂಗ್‌ನಲ್ಲಿ ಈ ಆಲ್ಬಮ್ ತೆರೆದಾಗ ಹೆಸರಿನ ಕೊನೆಯಲ್ಲಿ ರೀಮಿಕ್ಸ್ ಎಂಬ ಮಾತು ಇದೆಯೇ ಎಂದು ನೋಡಿಕೊಳ್ಳಿ; ಅದನ್ನು ಗಮನಿಸದೆ ಬರೆದ ವಿಮರ್ಶೆ ಬೇರೆಯದೇ ಆಲ್ಬಮ್ಮಿನ ವಿಮರ್ಶೆಯಾಗುತ್ತದೆ.

ನಮ್ಮ ಕಡೆಯ ಓದುಗರಿಗೆ ಈ ಮಾಹಿತಿ ಇನ್ನೂ ಹೆಚ್ಚು ಬೇಕು. ನಮ್ಮಲ್ಲಿ ಹಲವರು ಮೆಟಲ್ ಕಲಿತದ್ದು ನಕಲು ಕ್ಯಾಸೆಟ್ಟುಗಳಿಂದ, ಆಮೇಲೆ ಹಾಸ್ಟೆಲ್ ಕೋಣೆಯಿಂದ ಕೋಣೆಗೆ ಹಾರ್ಡ್ ಡಿಸ್ಕಿನಲ್ಲಿ ಓಡಾಡಿದ ಎಂಪಿ3 ಕಡತಗಳಿಂದ. 2007ರ ಮಾರ್ಚ್ 17ರಂದು ಐರನ್ ಮೇಡನ್ ಬೆಂಗಳೂರಿಗೆ ಬಂದಾಗ ಅರಮನೆ ಮೈದಾನದಲ್ಲಿ ಸಾಲುಸಾಲು ಹಾಡುಗಳನ್ನು ಬಾಯಿಪಾಠ ಒಪ್ಪಿಸಿದವರಲ್ಲಿ ಎಷ್ಟೋ ಮಂದಿ ಆ ಆಲ್ಬಮ್‌ಗಳ ಹೊದಿಕೆಯನ್ನೇ ಕೈಯಲ್ಲಿ ಹಿಡಿದಿರಲಿಕ್ಕಿಲ್ಲ. ಯಾವ ವರ್ಷದ ರೂಪ, ಯಾರ ಮಾಸ್ಟರಿಂಗ್ ಎಂಬ ವಿವರ ಆ ಕಡತಗಳ ಜೊತೆ ಬರಲೇ ಇಲ್ಲ. ಹಾಗಾಗಿ ನಿಮ್ಮ ಬರಹದ ಮೊದಲ ಪರಿಚ್ಛೇದದಲ್ಲೇ ಯಾವ ಲೇಬಲ್, ಯಾವ ವರ್ಷ, ಸಿಡಿಯೋ ವಿನೈಲೋ ಸ್ಟ್ರೀಮಿಂಗೋ ಎಂದು ಬರೆದುಬಿಡಿ.

ಇನ್ನು ಸದ್ದಿನ ವಿಚಾರ. ಇದರ ಬಗ್ಗೆ ತುಸು ಹೆಚ್ಚೇ ಹೇಳಬೇಕು, ಏಕೆಂದರೆ ಮೆಟಲ್ ಆಲ್ಬಮ್‌ಗಳಷ್ಟು ಇದರಿಂದ ಪೆಟ್ಟು ತಿಂದವು ಕಡಿಮೆ. 1990ರ ದಶಕದ ನಡುವಿನಿಂದ ಸಿಡಿಗಳನ್ನು ಹೆಚ್ಚು ಹೆಚ್ಚು ಜೋರಾಗಿ ಮಾಸ್ಟರ್ ಮಾಡುವ ಪೈಪೋಟಿ ನಡೆಯಿತು. ಡಿಜಿಟಲ್‌ನಲ್ಲಿ ಸದ್ದಿಗೆ ಒಂದು ಮೇಲ್ಮಿತಿ ಇದೆ, ಅದನ್ನು ದಾಟಲಾಗದು. ಜೋರು ಬೇಕೆಂದರೆ ಮೆಲುವಾದದ್ದನ್ನೆಲ್ಲ ಆ ಮಿತಿಯ ಹತ್ತಿರಕ್ಕೆ ಎತ್ತಿ, ಪೆಟ್ಟುಗಳ ಮೊನೆಗಳನ್ನು ಕತ್ತರಿಸಬೇಕು. ಆಗ ಸ್ನೇರ್ ಡ್ರಮ್ಮಿನ ಮೊನಚು ಹೋಗುತ್ತದೆ, ಕಿಕ್ ಡ್ರಮ್ ಗಿಟಾರಿನೊಳಗೆ ಕರಗುತ್ತದೆ. ಪುಟದ ಎಲ್ಲ ಅಕ್ಷರಗಳನ್ನೂ ದಪ್ಪಕ್ಷರದಲ್ಲಿ ಅಚ್ಚು ಹಾಕಿದಂತೆ: ಯಾವುದೂ ಎದ್ದು ಕಾಣುವುದಿಲ್ಲ, ನಾಲ್ಕು ಪುಟ ಓದುವಷ್ಟರಲ್ಲಿ ಕಣ್ಣು ಸೋಲುತ್ತದೆ. 2008ರ ಸೆಪ್ಟೆಂಬರಿನಲ್ಲಿ ಬಂದ ಮೆಟಾಲಿಕಾದ ‘ಡೆತ್ ಮ್ಯಾಗ್ನೆಟಿಕ್’ ಈ ಪೈಪೋಟಿಯ ಕುಖ್ಯಾತ ಉದಾಹರಣೆ. ಒಳ್ಳೆಯ ರಿಫ್‌ಗಳಿದ್ದ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳಿದ್ದ) ಆಲ್ಬಮ್ ಅದು. ಸದ್ದು ಎಷ್ಟು ಒಡೆದಿತ್ತೆಂದರೆ ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್ ಅವರೇ, ತಮ್ಮ ಕೈಗೆ ಬರುವ ಮೊದಲೇ ಮಿಕ್ಸ್‌ಗಳು ಹಾಗಾಗಿದ್ದವು ಎಂದು ಹೇಳಿಕೊಂಡರು. ಅದೇ ಹಾಡುಗಳು ಗಿಟಾರ್ ಹೀರೋ ಎಂಬ ವಿಡಿಯೊ ಆಟಕ್ಕೂ ಹೋಗಿದ್ದವು. ಆಟದಲ್ಲಿದ್ದ ರೂಪದಲ್ಲಿ ಈ ಒತ್ತಡ ಇರಲಿಲ್ಲ, ಡ್ರಮ್ಸ್ ಉಸಿರಾಡುತ್ತಿದ್ದವು. ದುಡ್ಡು ಕೊಟ್ಟು ಸಿಡಿ ಕೊಂಡವರಿಗಿಂತ ಆಟ ಆಡಿದವರಿಗೆ ಒಳ್ಳೆಯ ಸದ್ದು ಸಿಕ್ಕಿತು. ಮತ್ತೆ ಮಿಕ್ಸ್ ಮಾಡಿಕೊಡಿ ಎಂದು ಸಾವಿರಾರು ಅಭಿಮಾನಿಗಳು ಮನವಿಗೆ ಸಹಿ ಹಾಕಿದರು.

ಮರುಬಿಡುಗಡೆಗಳಲ್ಲಿ ಈ ರೋಗ ಬೇರೆ ವೇಷದಲ್ಲಿ ಬರುತ್ತದೆ. 1980ರ ದಶಕದ ಆಲ್ಬಮ್ಮನ್ನು ಜೋರು ಮಾಡಿ, ರೀಮಾಸ್ಟರ್ ಎಂದು ಹೆಸರಿಟ್ಟು ಮಾರುತ್ತಾರೆ. ಮನುಷ್ಯರ ಕಿವಿಗೆ ಒಂದೇ ಹಾಡಿನ ಎರಡು ರೂಪಗಳಲ್ಲಿ ತುಸು ಜೋರಾದದ್ದೇ ಚೆನ್ನಾಗಿದೆ ಅನ್ನಿಸುತ್ತದೆ. ಹೀಗಾಗಿ ಹೋಲಿಸುವ ಮೊದಲು ಎರಡರ ಮಟ್ಟವನ್ನೂ ಸಮ ಮಾಡಿಕೊಳ್ಳಿ: ಹೊಸದನ್ನು ಹಾಕಿದಾಗ ವಾಲ್ಯೂಮ್ ತಗ್ಗಿಸಿ, ಗಾಯನ ಎರಡರಲ್ಲೂ ಒಂದೇ ಎತ್ತರದಲ್ಲಿ ಕೇಳಿಸುವವರೆಗೆ ತಿದ್ದಿ. ಸ್ಟ್ರೀಮಿಂಗ್ ಸೇವೆಗಳಲ್ಲಿ ಹಾಡುಗಳ ಮಟ್ಟವನ್ನು ತಾನಾಗಿಯೇ ಸಮಗೊಳಿಸುವ ಸೌಲಭ್ಯ ಇರುತ್ತದೆ. ಅದನ್ನು ಬಳಸಿದರೂ ಆದೀತು. ಹೀಗೆ ಮಾಡಿದ ಕೂಡಲೇ ಅನೇಕ ಹೊಸ ಮಾಸ್ಟರಿಂಗ್‌ಗಳ ಬಣ್ಣ ಬಯಲಾಗುತ್ತದೆ.

ಪರೀಕ್ಷೆಗೆ ನಾನು ಹೆಚ್ಚಾಗಿ ಆರಿಸಿಕೊಳ್ಳುವುದು ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ಮಿನ ಮೊದಲ ನಿಮಿಷವನ್ನು. 1969ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಬಹುಪಾಲು ಒಂದೇ ದಿನದಲ್ಲಿ ನುಡಿಸಿ ಮುಗಿಸಿದ, 1970ರ ಫೆಬ್ರುವರಿ 13ರಂದು ಬಿಡುಗಡೆಯಾದ ಆಲ್ಬಮ್ ಅದು. ಮಳೆ ಸುರಿಯುತ್ತದೆ, ಗುಡುಗು, ದೂರದಲ್ಲಿ ಗಂಟೆ. ಆಮೇಲೆ ಟೋನಿ ಅಯೋಮಿ ಅವರ ಗಿಟಾರ್ ಮೂರು ಸ್ವರಗಳಲ್ಲಿ ಬಂದು ಬೀಳುತ್ತದೆ. ಮಳೆಗೂ ಗಿಟಾರಿಗೂ ನಡುವೆ ಇರುವ ಸದ್ದಿನ ಅಂತರದಲ್ಲೇ ಆ ಭಯ ಇದೆ. ಮಳೆಯನ್ನೂ ಗಿಟಾರಿನಷ್ಟೇ ಎತ್ತರಿಸಿದ ರೀಮಾಸ್ಟರಿನಲ್ಲಿ ಯಾರೂ ಬೆಚ್ಚುವುದಿಲ್ಲ. ನೀವೂ ಪ್ರತಿ ಆಲ್ಬಮ್ಮಿನಲ್ಲಿ ಇಂಥ ಒಂದು ಜಾಗ ಹುಡುಕಿಟ್ಟುಕೊಳ್ಳಿ: ಮೆಲ್ಲಗಿನದು ಜೋರಾಗುವ ಅಂಚು, ಅಥವಾ ಡ್ರಮ್ಸ್ ಜೊತೆಗಿನ ಲೋಹದ ತಟ್ಟೆಯಾದ ಸಿಂಬಲ್ಲಿನ ಸದ್ದು ಆರಿಹೋಗುವ ಕೊನೆ. ಟೇಪಿನ ಹಿಸ್ಸೆನ್ನುವ ಸದ್ದನ್ನು ಒರೆಸಲು ಹೋಗಿ ಸಿಂಬಲ್ಲಿನ ಬಾಲವನ್ನೂ ಕತ್ತರಿಸಿದ್ದರೆ ಅಲ್ಲಿ ಗೊತ್ತಾಗುತ್ತದೆ. ಸದ್ದಿನ ಏರಿಳಿತವನ್ನು ಅಂಕಿಯಲ್ಲಿ ಹೇಳುವ ತಂತ್ರಾಂಶಗಳೂ ಇವೆ. ಅವನ್ನು ನೋಡಿ, ಆದರೆ ಅಂಕಿಯನ್ನೇ ತೀರ್ಪು ಮಾಡಬೇಡಿ. ವಿನೈಲ್‌ನಿಂದ ಇಳಿಸಿದ ಕಡತ ಅದೇ ಮಾಸ್ಟರಿನದ್ದಾಗಿದ್ದರೂ ಹೆಚ್ಚಿನ ಅಂಕಿ ತೋರಿಸುವುದುಂಟು.

ಅಯೋಮಿ ಅವರ ಹೆಸರು ಬಂದದ್ದರಿಂದ ಇತ್ತೀಚಿನ ಒಂದು ಮರುಬಿಡುಗಡೆಯ ಬಗ್ಗೆ ಹೇಳಲೇಬೇಕು. ನನಗೆ ಬಹಳ ಸಂತೋಷ ಕೊಟ್ಟದ್ದು ಅದು. ಟೋನಿ ಮಾರ್ಟಿನ್ ಹಾಡುತ್ತಿದ್ದ ಕಾಲದ ಸಬ್ಬತ್ ಆಲ್ಬಮ್‌ಗಳು ಬಹುಕಾಲ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಆಝಿ ಇಲ್ಲದ, ಅವರ ನಂತರದ ಗಾಯಕ ಡಿಯೊ ಇಲ್ಲದ ಸಬ್ಬತ್ ಸಬ್ಬತ್ತೇ ಅಲ್ಲ ಎಂಬ ಉಡಾಫೆಯ ಮಾತು ಎಲ್ಲೆಡೆ ಚಲಾವಣೆಯಲ್ಲಿತ್ತು. 2024ರ ಮೇ 31ರಂದು ‘ಆ್ಯನೊ ಡೊಮಿನಿ’ ಎಂಬ ಪೆಟ್ಟಿಗೆಯಲ್ಲಿ ‘ಹೆಡ್‌ಲೆಸ್ ಕ್ರಾಸ್’ (1989), ‘ಟೀರ್’ (1990), ‘ಕ್ರಾಸ್ ಪರ್ಪಸಸ್’ (1994), ‘ಫರ್‌ಬಿಡನ್’ (1995) ನಾಲ್ಕೂ ಒಟ್ಟಿಗೆ ಬಂದವು. ಕೋಝಿ ಪೊವೆಲ್ ಅವರ ಡ್ರಮ್ಸ್ ಮೇಲೆ ಮಾರ್ಟಿನ್ ಅವರ ಕಂಠ ಏರುವ ‘ಹೆಡ್‌ಲೆಸ್ ಕ್ರಾಸ್’ ಕೇಳಿದ ಮೇಲೆ ಆ ಉಡಾಫೆ ನಿಲ್ಲುವುದಿಲ್ಲ. ‘ಫರ್‌ಬಿಡನ್’ ಮಾತ್ರ ಬೇರೆ ಕಥೆ. ಬಾಡಿ ಕೌಂಟ್ ತಂಡದ ಅರ್ನಿ ಸಿ ನಿರ್ಮಿಸಿದ ಆ ಆಲ್ಬಮ್ಮಿನ ಚಪ್ಪಟೆ ಸದ್ದು ಅಯೋಮಿ ಅವರಿಗೇ ಹಿಡಿಸಿರಲಿಲ್ಲ. ಪೆಟ್ಟಿಗೆಗಾಗಿ ಅವರು ಅದನ್ನು ರೀಮಿಕ್ಸ್ ಮಾಡಿದರು. ಗಿಟಾರ್ ತೂಕ ಪಡೆಯಿತು, 1998ರಲ್ಲಿ ತೀರಿಕೊಂಡ ಪೊವೆಲ್ ಅವರ ಡ್ರಮ್ಸ್ ಮೊದಲ ಸಲ ಪೊವೆಲ್ ಅವರದ್ದೇ ಎಂಬಂತೆ ಕೇಳಿಸಿತು. ಹಾಡುಗಳು ದೊಡ್ಡ ಹಾಡುಗಳಾಗಲಿಲ್ಲ. ರೀಮಿಕ್ಸ್‌ನಿಂದ ರಚನೆಯ ಬಡತನ ನೀಗುವುದಿಲ್ಲ. ವಿಮರ್ಶೆಯಲ್ಲಿ ಈ ಎರಡನ್ನೂ ಹೇಳಬೇಕು: ಸದ್ದಿಗೆ ನ್ಯಾಯ ಸಿಕ್ಕಿತು, ಹಾಡು ಅಷ್ಟಕ್ಕಷ್ಟೇ.

ಬೋನಸ್ ಹಾಡುಗಳ ವಿಚಾರ ಚಿಕ್ಕದು, ಆದರೆ ನನ್ನನ್ನು ಬಹಳ ಕೆರಳಿಸುವಂಥದು. ಸ್ಲೇಯರ್‌ನ ‘ರೇನ್ ಇನ್ ಬ್ಲಡ್’ (1986) ಇಪ್ಪತ್ತೊಂಬತ್ತು ನಿಮಿಷದೊಳಗೆ ಮುಗಿಯುವ ಬಿರುಗಾಳಿ. ಕೊನೆಯ ಹಾಡು ಮುಗಿದು ಮಳೆಯ ಸದ್ದು ಉಳಿಯುತ್ತದೆ. ಅಲ್ಲಿಗೆ ಎಲ್ಲ ಮುಗಿಯಬೇಕು. 1998ರ ಮರುಬಿಡುಗಡೆಯಲ್ಲಿ ಆ ಮಳೆ ನಿಂತ ಕೂಡಲೇ ಇನ್ನೆರಡು ಹಾಡುಗಳು ಶುರುವಾಗುತ್ತವೆ. ಕೆಟ್ಟ ಹಾಡುಗಳೇನಲ್ಲ, ಆದರೆ ಆ ಜಾಗ ಅವುಗಳದ್ದಲ್ಲ. ಬೋನಸ್ ಕೊಡುವುದಿದ್ದರೆ ಇನ್ನೊಂದು ಸಿಡಿಯಲ್ಲಿ ಕೊಡಲಿ. ಎಷ್ಟು ಬೋನಸ್ ಇದೆ ಎಂದು ಎಣಿಸಿ ಹೊಗಳುವ ವಿಮರ್ಶೆ ಆಲ್ಬಮ್ಮನ್ನು ಒಂದು ಇಡೀ ಕೃತಿಯಾಗಿ ಕೇಳಿಲ್ಲ.

ಸದ್ದು ಚೆನ್ನಾಗಿಲ್ಲ ಎಂದು ಬರೆಯುವ ಮೊದಲು, ಅದು ಹಾಗೇ ಇರಬೇಕೆಂದು ಮಾಡಿದ್ದೇ ಎಂದೂ ನೋಡಿ. ನಾರ್ವೆಯ ಡಾರ್ಕ್‌ಥ್ರೋನ್ 1994ರಲ್ಲಿ ತಂದ ‘ಟ್ರಾನ್ಸಿಲ್ವೇನಿಯನ್ ಹಂಗರ್’ ಆಲ್ಬಮ್ಮನ್ನು ನಾಲ್ಕು ಟ್ರ್ಯಾಕ್‌ಗಳ ಯಂತ್ರದಲ್ಲಿ ಮುದ್ರಿಸಿದರು. ವಾದ್ಯಗಳನ್ನೆಲ್ಲ ಫೆನ್ರಿಜ್ ಒಬ್ಬರೇ ನುಡಿಸಿದರು. ಆ ತೆಳುವಾದ, ಹಿಮದಂಥ ಗಿಟಾರ್ ಸದ್ದನ್ನು ಬಡತನದ ಫಲವೆಂದು ತಿಳಿದವರು ಬ್ಲ್ಯಾಕ್ ಮೆಟಲ್ಲನ್ನು ಹೊರಗಿನಿಂದಷ್ಟೇ ನೋಡಿದ್ದಾರೆ. ಅದಕ್ಕೆ ಬಾಸ್ ತುಂಬಿ ಹೊಳಪು ಕೊಟ್ಟರೆ ಉಳಿಯುವುದು ಬೇರೇನೋ. ಡೂಮ್ ಮೆಟಲ್ಲನ್ನು ನಿಧಾನ ಎಂದು, ಗ್ರೈಂಡ್‌ಕೋರನ್ನು ಚಿಕ್ಕದು ಎಂದು ದೂರುವುದೂ ಇಂಥದೇ.

ಹೊಸ ಆಲ್ಬಮ್‌ಗಳಿಗೆ ಬರೋಣ. ಇಲ್ಲಿ ನಿಮಗೆ ಇತಿಹಾಸದ ಆಸರೆ ಇಲ್ಲ. ನೀವು ಮತ್ತು ಸಂಗೀತ ಮಾತ್ರ. ಬಿಡುಗಡೆಯ ದಿನವೇ ಬರೆದು ಹಾಕುವ ಅವಸರ ಬೇಡ. ಒಂದು ಸಲ ಏನೂ ಬರೆಯದೆ ಕೇಳಿ, ಒಂದು ಸಲ ಸಾಹಿತ್ಯ ಕಣ್ಣ ಮುಂದಿಟ್ಟುಕೊಂಡು ಕೇಳಿ, ಕೆಲವು ದಿನ ಬಿಟ್ಟು ಮತ್ತೆ ಕೇಳಿ. ಆ ಬಿಡುವಿನಲ್ಲಿ ಯಾವ ರಿಫ್ ತಾನಾಗಿ ತಲೆಯಲ್ಲಿ ಸುಳಿಯಿತೋ ಅದನ್ನು ಗುರುತು ಮಾಡಿಕೊಳ್ಳಿ. ಮೊದಲ ಸಲ ಬೆರಗಾಗಿಸಿದ ವೇಗ ಮೂರನೆಯ ಸಲಕ್ಕೆ ಬರೀ ವೇಗವಾಗಿ ಉಳಿಯುವುದು ಸಾಮಾನ್ಯ.

2024ರ ಮೂರು ಆಲ್ಬಮ್‌ಗಳನ್ನು ತೆಗೆದುಕೊಳ್ಳೋಣ. ಕೊಲರಾಡೊದ ಬ್ಲಡ್ ಇನ್‌ಕ್ಯಾಂಟೇಶನ್ ತಂಡದ ‘ಆ್ಯಬ್ಸಲ್ಯೂಟ್ ಎಲ್ಸ್‌ವೇರ್’ ಬರ್ಲಿನ್‌ನ ಹನ್ಸಾ ಸ್ಟುಡಿಯೊದಲ್ಲಿ ಮುದ್ರಿತವಾದದ್ದು. ಇರುವುದು ಎರಡೇ ರಚನೆ, ಒಂದೊಂದಕ್ಕೂ ಮೂರು ಭಾಗ. ಡೆತ್ ಮೆಟಲ್‌ನ ಅಬ್ಬರದ ನಡುವೆ 1970ರ ದಶಕದ ಜರ್ಮನ್ ಸಿಂಥಸೈಜರ್ ಸಂಗೀತ ಹರಿಯುತ್ತದೆ. ಟ್ಯಾಂಜರೀನ್ ಡ್ರೀಮ್‌ನ ಟೋರ್ಸ್ಟನ್ ಕ್ವೇಶ್ನಿಂಗ್ ಅತಿಥಿಯಾಗಿ ನುಡಿಸಿದ್ದಾರೆ. ಎರಡು ಬಗೆಗಳನ್ನು ಬೆರೆಸಿದ್ದಾರೆ ಎಂದು ಬರೆದು ನಿಲ್ಲಿಸಿದರೆ ಅದು ಸುದ್ದಿ. ವಿಮರ್ಶಕರು ನೋಡಬೇಕಾದದ್ದು ಬೆಸುಗೆಯನ್ನು: ಬ್ಲಾಸ್ಟ್ ಬೀಟ್ ಎಂಬ ಡ್ರಮ್ಸ್‌ನ ಬಿರುಸು ಪೆಟ್ಟುಗಳ ಸರಣಿ ನಿಂತು ಸಿಂಥಸೈಜರ್ ಬರುವ ಕ್ಷಣದಲ್ಲಿ ಸಂಗೀತ ಮುಂದೆ ಸಾಗುತ್ತಿದೆಯೇ, ದೃಶ್ಯ ಬದಲಾಯಿತಷ್ಟೆಯೇ? ನನಗೆ ಎರಡನೆಯ ರಚನೆಯಲ್ಲಿ ಬೆಸುಗೆ ಹೆಚ್ಚು ಗಟ್ಟಿಯೆನಿಸಿತು.

ಸ್ವೀಡನ್‌ನ ಒಪೆತ್ ತಂದ ‘ದಿ ಲಾಸ್ಟ್ ವಿಲ್ ಆ್ಯಂಡ್ ಟೆಸ್ಟಮೆಂಟ್’ ಬಂದಾಗ ಎಲ್ಲರೂ ಬರೆದದ್ದು ಒಂದೇ: ಗಾಯಕ ಮಿಕೇಲ್ ಒಕರ್‌ಫೆಲ್ಟ್ 2008ರ ‘ವಾಟರ್‌ಶೆಡ್’ ನಂತರ ಸ್ಟುಡಿಯೊ ಆಲ್ಬಮ್ಮಿನಲ್ಲಿ ಮತ್ತೆ ಗ್ರೌಲ್ ಮಾಡಿದ್ದಾರೆ, ಅಂದರೆ ಗಂಟಲಿನಿಂದ ಗರ್ಜಿಸುವಂತೆ ಹಾಡಿದ್ದಾರೆ. ಸರಿ, ಏಕೆ ಮಾಡಿದ್ದಾರೆ? ಆಲ್ಬಮ್ ಒಂದು ಶ್ರೀಮಂತ ಮನೆತನದ ಉಯಿಲು ಓದುವ ಕಥೆ. ಹಾಡುಗಳಿಗೆ ಹೆಸರಿನ ಬದಲು ಉಯಿಲಿನ ಕಲಮುಗಳಂತೆ ಸಂಖ್ಯೆಗಳಿವೆ, ಕೊನೆಯದೊಂದಕ್ಕೆ ಮಾತ್ರ ಹೆಸರು. ಸತ್ತ ಯಜಮಾನನ ದನಿ ಮಕ್ಕಳ ಮೇಲೆ ಎರಗುವಾಗ ಆ ಗ್ರೌಲ್‌ಗೆ ಕೆಲಸವಿದೆ. ಸಾಹಿತ್ಯ ಓದದೆ ಇದನ್ನು ಕಾಣಲಾಗದು. ಗ್ರೌಲ್‌ನಲ್ಲಿ ಮಾತು ಅರ್ಥವಾಗುವುದಿಲ್ಲವಲ್ಲ, ಸಾಹಿತ್ಯ ಏಕೆ ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಿಗೆ ಈ ಆಲ್ಬಮ್ಮನ್ನು ತೋರಿಸಿ.

ಜೂಡಸ್ ಪ್ರೀಸ್ಟ್‌ನ ‘ಇನ್ವಿನ್ಸಿಬಲ್ ಶೀಲ್ಡ್’ ಹೊಸದೇನನ್ನೂ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಗಾಯಕ ರಾಬ್ ಹಾಲ್‌ಫರ್ಡ್ ಆಗ ಎಪ್ಪತ್ತೆರಡರವರು. ವಯಸ್ಸನ್ನು ಮುಂದಿಟ್ಟು ರಿಯಾಯಿತಿ ಕೊಡದೆ, ಆ ಎತ್ತರದ ಸ್ವರ ಹಾಡಿಗೆ ಬೇಕಾದ ಕಡೆ ನಿಂತಿದೆಯೇ ಎಂದಷ್ಟೇ ಕೇಳಿ. ನಿಂತಿದೆ.

ಬರೆಯುವಾಗ ಒಂದು ಮಾತು ನೆನಪಿಡಿ. ಭೀಕರ, ಅದ್ಭುತ, ರೋಮಾಂಚಕ ಎಂಬ ವಿಶೇಷಣಗಳು ಯಾವ ಆಲ್ಬಮ್ಮಿಗಾದರೂ ಒಪ್ಪುತ್ತವೆ. ಬದಲಾಗಿ ಕೈಗಳು ಏನು ಮಾಡುತ್ತಿವೆ ಎಂದು ಬರೆಯಿರಿ: ಅಂಗೈಯನ್ನು ತಂತಿಗಳ ಮೇಲೆ ಒತ್ತಿ ಹಿಡಿದು ಮೀಟುತ್ತಿದ್ದಾರೆಯೇ, ತಂತಿ ಪೂರ್ತಿ ಅನುರಣಿಸಲು ಬಿಟ್ಟಿದ್ದಾರೆಯೇ, ಎರಡು ಗಿಟಾರ್‌ಗಳು ಒಂದೇ ರಾಗವನ್ನು ಬೇರೆ ಸ್ಥಾಯಿಗಳಲ್ಲಿ ನುಡಿಸುತ್ತಿವೆಯೇ, ಒಂದಕ್ಕೊಂದು ಎದುರು ನಿಂತಿವೆಯೇ, ಎರಡೂ ಕಾಲುಗಳಿಂದ ಬಾರಿಸುವ ಡಬಲ್ ಬಾಸ್ ಡ್ರಮ್ ರಿಫ್‌ನ ಲಯವನ್ನು ಹಿಂಬಾಲಿಸುತ್ತಿದೆಯೇ, ಸುಮ್ಮನೆ ಓಡುತ್ತಿದೆಯೇ. ಇದನ್ನು ಹೇಳಲು ಕನ್ನಡದಲ್ಲಿ ಪದಗಳು ಧಾರಾಳವಾಗಿವೆ. ಹಿಂದೂಸ್ತಾನಿ, ಕರ್ನಾಟಕ ಸಂಗೀತದ ವಿಮರ್ಶೆಯನ್ನು ನಮ್ಮ ಪತ್ರಿಕೆಗಳು ದಶಕಗಳಿಂದ ಬರೆದಿವೆ. ಲಯ, ಸ್ಥಾಯಿ, ಎಡುಪು, ಗಮಕದಂಥ ಮಾತುಗಳಿಗೆ ಪಳಗಿದ ಓದುಗರು ನಿಮಗೆ ಸಿದ್ಧವಾಗಿದ್ದಾರೆ. ರಿಫ್, ಸೋಲೊ, ಗ್ರೌಲ್‌ಗಳನ್ನು ಹಾಗೆಯೇ ಬಿಡಿ.

ನಕ್ಷತ್ರಗಳ ಬಗ್ಗೆ: ಪತ್ರಿಕೆಯವರು ಕೇಳಿದರೆ ಕೊಡಿ, ಇಲ್ಲದಿದ್ದರೆ ಬೇಡ. ಮರುಬಿಡುಗಡೆಗೆ ಕೊಡುವುದಾದರೆ ಆಲ್ಬಮ್ಮಿಗೆ ಬೇರೆ, ಆ ಆವೃತ್ತಿಗೆ ಬೇರೆ ಎಂದು ಎರಡು ಕೊಡಿ. 2002ರ ‘ಬ್ಲಿಝರ್ಡ್’ಗೆ ಒಂದೇ ಅಂಕ ಕೊಡಲು ಸಾಧ್ಯವೇ ಇಲ್ಲ.

ಕೊನೆಯದಾಗಿ ಗೆಳೆಯರ ಬ್ಯಾಂಡ್. ನಮ್ಮೂರಿನ ತಂಡಗಳ ಬಗ್ಗೆ ಬರೆಯುವಾಗ ಬೆನ್ನು ತಟ್ಟುವ ದನಿ ತಾನಾಗಿ ಬಂದುಬಿಡುತ್ತದೆ. ಅದು ಅವರಿಗೆ ಮಾಡುವ ಉಪಕಾರವಲ್ಲ. ಬೆಂಗಳೂರಿನ ಕ್ರಿಪ್ಟಾಸ್ 1998ರಲ್ಲಿ ಆರಂಭವಾಗಿ, 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿ, 2024ರಲ್ಲಿ ‘ಡೆಸಿಮೇಟರ್’ ಆಲ್ಬಮ್ಮಿನವರೆಗೆ ಬಂದಿದೆ. ಅವರ ಜೋಡಿ ಗಿಟಾರ್‌ಗಳನ್ನು ಪ್ರೀಸ್ಟ್, ಮೇಡನ್‌ಗಳ ಪಕ್ಕದಲ್ಲಿಟ್ಟು ತೂಗುವುದೇ ಅವರಿಗೆ ಸಲ್ಲಬೇಕಾದ ಗೌರವ. ಬೆವರ್ ಸೀ ತಂಡದ ಡೂಮ್ ಹಾಡುಗಳಿಗೂ ಅಷ್ಟೇ. ನಿಮ್ಮ ಗೆಳೆಯರ ಆಲ್ಬಮ್ಮಿನ ವಿಮರ್ಶೆಯನ್ನು ಮಾತ್ರ ನೀವು ಬರೆಯಬೇಡಿ. ಅವರ ಅಭ್ಯಾಸದ ಕೋಣೆಯಲ್ಲಿ ಆ ಹಾಡುಗಳು ಹುಟ್ಟುವುದನ್ನು ನೀವು ನೋಡಿದ್ದೀರಿ. ಸಿಡಿಯಲ್ಲಿ ಇಲ್ಲದ್ದೂ ನಿಮಗೆ ಕೇಳಿಸುತ್ತದೆ. ಬೇಕಿದ್ದರೆ ಅವರ ಸಂದರ್ಶನ ಮಾಡಿ, ಪರಿಚಯ ಲೇಖನ ಬರೆಯಿರಿ, ಗೆಳೆತನವನ್ನು ಮೊದಲ ಸಾಲಿನಲ್ಲೇ ಹೇಳಿ. ಮಿಕ್ಸಿಂಗ್ ಇನ್ನೂ ಮುಗಿದಿಲ್ಲವಾದರೆ ಹೋಗಿ ಕೂತು ಕೇಳಿ, ಬಾಸ್ ಕೇಳಿಸುತ್ತಿಲ್ಲವೆಂದರೆ ಈಗಲೇ ಹೇಳಿಬಿಡಿ. ಆಲ್ಬಮ್ಮಿನ ವಿಮರ್ಶೆ ಬರೆಯಲು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಅವರ ಮುಖ ಕಾಣದ ಒಬ್ಬರನ್ನು ಹುಡುಕಿ.